ಮಾಲೀಕತ್ವದ ಬದಲಾವಣೆ ಮತ್ತು ಬರಹಗಾರರ ನಿರ್ಗಮನ: ಡೆಡ್‌ಸ್ಪಿನ್ ಪ್ರಸಂಗ

ಹೂಡಿಕೆದಾರರು ಅಂತರ್ಜಾಲ ಮಾಧ್ಯಮವೊಂದನ್ನು ಕೊಂಡ ಕೆಲವೇ ತಿಂಗಳಲ್ಲಿ ಅಲ್ಲಿನ ಬರಹಗಾರರು ಹೊರನಡೆದರೆ, ಸಂಬಳದ ತಕರಾರು ಇದ್ದಿರಬೇಕೆಂದು ಊಹಿಸುವುದು ವಾಡಿಕೆ. ಅಮೆರಿಕದ ಕ್ರೀಡಾ ಜಾಲತಾಣ ಡೆಡ್‌ಸ್ಪಿನ್‌ನ ಪ್ರಸಂಗ ಈ ಊಹೆಗೆ ಒಗ್ಗುವುದಿಲ್ಲ. ಏನು ಬರೆಯಬೇಕೆಂದು ತೀರ್ಮಾನಿಸುವ ಹಕ್ಕು ಕೈತಪ್ಪಿದ್ದೇ ಅಲ್ಲಿ ಮೂಲ ಕಾರಣ ಎಂಬುದು ಈ ಲೇಖನದ ವಾದ.

2005ರಲ್ಲಿ ಗಾಕರ್ ಎಂಬ ಜಾಲತಾಣಗಳ ಬಳಗದಲ್ಲಿ ಹುಟ್ಟಿದ ಡೆಡ್‌ಸ್ಪಿನ್, 2016ರಲ್ಲಿ ಗಾಕರ್ ದಿವಾಳಿಯಾದ ಮೇಲೆ ಯೂನಿವಿಷನ್ ಕಂಪನಿಯ ಪಾಲಾಯಿತು. 2019ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಖಾಸಗಿ ಈಕ್ವಿಟಿ ಸಂಸ್ಥೆ ಗ್ರೇಟ್ ಹಿಲ್ ಪಾರ್ಟ್‌ನರ್ಸ್ ಇಡೀ ಸಮೂಹವನ್ನು ಕೊಂಡಿತು. ಜಿ/ಓ ಮೀಡಿಯಾ ಎಂಬ ಹೆಸರು ಬಂದದ್ದು ಆಗ. ಇಂಥ ಸಂಸ್ಥೆಗಳು ಕೊಳ್ಳುವುದು ಕೆಲವು ವರ್ಷಗಳಲ್ಲಿ ಹೆಚ್ಚಿನ ಬೆಲೆಗೆ ಮಾರಲೆಂದೇ. ಆದಾಯವನ್ನು ಬೇಗ ಏರಿಸುವ ಒತ್ತಡ ಆ ವ್ಯವಹಾರದೊಳಗೇ ಇರುತ್ತದೆ.

ಆಗಸ್ಟ್‌ನಲ್ಲಿ ಸಂಪಾದಕಿ ಮೇಗನ್ ಗ್ರೀನ್‌ವೆಲ್ ಹೊರಬಂದರು. ಅಕ್ಟೋಬರ್ ಕೊನೆಯಲ್ಲಿ, ಪುಟ ತೆರೆದ ಕೂಡಲೇ ತಾನಾಗಿ ಸದ್ದು ಮಾಡುವ ವಿಡಿಯೊ ಜಾಹೀರಾತುಗಳ ಬಗ್ಗೆ ಸಿಬ್ಬಂದಿ ಪ್ರಕಟಿಸಿದ್ದ ಬರಹವನ್ನು ಆಡಳಿತ ತೆಗೆದುಹಾಕಿತು. 28ರಂದು, ಕ್ರೀಡೆಗೆ ಸಂಬಂಧಿಸದ ಏನನ್ನೂ ಬರೆಯಕೂಡದೆಂಬ ಸುತ್ತೋಲೆ ಬಂತು. ಮರುದಿನ ಸಿಬ್ಬಂದಿ ಮುಖಪುಟದ ತುಂಬ ಹಳೆಯ ಕ್ರೀಡೇತರ ಬರಹಗಳನ್ನೇ ಹಾಕಿದರು! ಪ್ರಭಾರ ಸಂಪಾದಕ ಬ್ಯಾರಿ ಪೆಚೆಸ್ಕಿ ಅಂದೇ ವಜಾ ಆದರು. ಕೆಲವೇ ದಿನಗಳಲ್ಲಿ ಸಂಪಾದಕೀಯ ಬಳಗ ಪೂರ್ತಿ ಖಾಲಿಯಾಯಿತು.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಮಂಡಿಸಿದ ಪ್ರಕಾರ, ಅತೃಪ್ತರಿಗೆ ಇರುವ ದಾರಿ ಎರಡು: ದನಿಯೆತ್ತುವುದು, ಇಲ್ಲವೇ ಬಿಟ್ಟುಹೋಗುವುದು. ನಿಷ್ಠೆ ಇದ್ದವರು ಬಿಡುವುದನ್ನು ಮುಂದೂಡುತ್ತಾರೆ. ಡೆಡ್‌ಸ್ಪಿನ್‌ನಲ್ಲಿ ದನಿಯ ದಾರಿ ಮುಚ್ಚಿತ್ತು, ಅಷ್ಟು ಹೊಂದುತ್ತದೆ. ನಿಷ್ಠೆಯ ಮಾತು ಮಾತ್ರ ಇಲ್ಲಿ ತಿರುವುಮುರುವಾಗುತ್ತದೆ. ಈ ಬರಹಗಾರರ ನಿಷ್ಠೆ ಕಂಪನಿಯ ಮೇಲಿರಲಿಲ್ಲ. ಸಹೋದ್ಯೋಗಿಗಳ ಮೇಲೆ, ಓದುಗರ ಮೇಲೆ ಇತ್ತು. ಅದು ಖರೀದಿ ಪತ್ರದಲ್ಲಿ ಬರೆದುಕೊಡಬಹುದಾದ ಆಸ್ತಿಯಲ್ಲ. ಆದ್ದರಿಂದ ನಿಷ್ಠೆಯೇ ಅವರನ್ನು ಒಟ್ಟಾಗಿ ಹೊರಕ್ಕೆ ಕರೆದೊಯ್ಯಿತು. 2020ರ ಸೆಪ್ಟೆಂಬರ್‌ನಲ್ಲಿ ಅದೇ ತಂಡ ಡಿಫೆಕ್ಟರ್ ಎಂಬ ಜಾಲತಾಣ ಆರಂಭಿಸಿತು. ಅದರ ಒಡೆಯರು ಸಿಬ್ಬಂದಿಯೇ, ಅದು ಮುಖ್ಯವಾಗಿ ನಡೆಯುವುದು ಓದುಗರ ಚಂದಾದಿಂದ. ಇತ್ತ ಡೆಡ್‌ಸ್ಪಿನ್ 2024ರ ಮಾರ್ಚ್‌ನಲ್ಲಿ ಮಾಲ್ಟಾದ ಕಂಪನಿಯೊಂದಕ್ಕೆ ಮಾರಾಟವಾಯಿತು. ಇದ್ದ ಸಿಬ್ಬಂದಿ ಕೆಲಸ ಕಳೆದುಕೊಂಡರು.

ಎಲ್ಲ ನಿರ್ಗಮನಗಳೂ ಹೀಗೆ ನೆಲೆ ಕಾಣುವುದಿಲ್ಲ. ಯೂಟ್ಯೂಬ್‌ನ ಹಾಸ್ಯ ಜೋಡಿ ಸ್ಮಾಶ್ ತನ್ನ ಸಂಸ್ಥೆಯನ್ನು 2011ರಲ್ಲಿ ಅಲಾಯ್ ಡಿಜಿಟಲ್‌ಗೆ ಮಾರಿತ್ತು. 2017ರಲ್ಲಿ ಆ ಜೋಡಿಯ ಆಂಥನಿ ಪಡಿಯಾ, ಸೃಜನಶೀಲ ಸ್ವಾತಂತ್ರ್ಯವಿಲ್ಲವೆಂದು ಒಬ್ಬರೇ ಹೊರಟರು. ಸ್ಮಾಶ್ ಎಂಬ ಹೆಸರು, ಹಳೆಯ ವಿಡಿಯೊಗಳು ಹಿಂದೆಯೇ ಉಳಿದವು. ಹೆಸರನ್ನು ಮರಳಿ ಕೊಳ್ಳಲು ಆ ಜೋಡಿಗೆ 2023ರವರೆಗೆ ಕಾಯಬೇಕಾಯಿತು.

ಹೊರಟವರು ಮುಂದೆ ಏನು ಮಾಡಬಹುದೆಂಬುದು ಕಾನೂನನ್ನೂ ಅವಲಂಬಿಸಿರುತ್ತದೆ. ಭಾರತದಲ್ಲಿ 1872ರ ಕರಾರು ಕಾಯಿದೆಯ 27ನೇ ಕಲಮು ವೃತ್ತಿಗೆ ತಡೆಯೊಡ್ಡುವ ಕರಾರನ್ನು ಸಾಮಾನ್ಯವಾಗಿ ಅನೂರ್ಜಿತಗೊಳಿಸುತ್ತದೆ. ವ್ಯಾಪಾರದ ವರ್ಚಸ್ಸನ್ನೇ ಮಾರಿದವರಿಗೆ ಮಾತ್ರ ಮಿತಿಯೊಳಗಿನ ನಿರ್ಬಂಧ ಅನ್ವಯಿಸಬಹುದು. ಅಂದರೆ ಸಂಬಳದ ಬರಹಗಾರನಿಗೆ ಕೆಲಸ ಬಿಟ್ಟ ಮೇಲೆ ಸ್ವಂತದ್ದನ್ನು ಕಟ್ಟುವ ಸ್ವಾತಂತ್ರ್ಯ ಹೆಚ್ಚು, ಸಂಸ್ಥೆ ಮಾರಿದ ಸ್ಥಾಪಕನಿಗೆ ಕಡಿಮೆ. ಕನ್ನಡದ ವಾಹಿನಿಗಳಿಗೆ ಹೂಡಿಕೆ ಬರುವಾಗಲೂ ಸಂಶೋಧಕರು ಮೊದಲು ಓದಬೇಕಾದದ್ದು ಹೆಸರು ಮತ್ತು ಹಳೆಯ ಸಂಗ್ರಹ ಯಾರ ಸ್ವತ್ತು ಎಂದು ಹೇಳುವ ಷರತ್ತುಗಳನ್ನು.