ದುಡಿಯುವ ಜಾಗದ ಸುರಕ್ಷತೆ: ಮಾಲೀಕರ ಹೊಣೆ ಬೆಳೆದು ಬಂದ ದಾರಿ

ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದು 1881ರಲ್ಲಿ. ಯಂತ್ರಶಕ್ತಿ ಬಳಸುವ, ಕನಿಷ್ಠ 100 ಮಂದಿ ದುಡಿಯುವ ಗಿರಣಿಗಳಿಗಷ್ಟೇ ಅದು ಅನ್ವಯಿಸುತ್ತಿತ್ತು. ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಅಪಾಯದ ಯಂತ್ರಕ್ಕೆ ತಡೆ ಹಾಕಬೇಕು ಎಂಬಂಥ ಕೆಲವೇ ಕಟ್ಟಳೆಗಳು ಅದರಲ್ಲಿದ್ದವು. 1923ರ ಪರಿಹಾರ ಕಾಯ್ದೆ ಗಾಯಗೊಂಡವರಿಗೆ ಹಣ ಕೊಡಿಸಿತು. ಗಾಯವೇ ಆಗದಂತೆ ನೋಡಿಕೊಳ್ಳುವ ಹೊಣೆಯನ್ನು ವಿವರವಾಗಿ ಬರೆದಿಟ್ಟದ್ದು 1948ರ ಕಾರ್ಖಾನೆ ಕಾಯ್ದೆ.

ಅದನ್ನು ಓದಿದರೆ ಕಾರ್ಖಾನೆಯೊಳಗೆ ನಡೆದಾಡಿ ಬರೆದಂತಿದೆ. ಗಾಳಿ, ಬೆಳಕು, ಕುಡಿಯುವ ನೀರು, ಶೌಚಾಲಯ; ನಿಂತೇ ದುಡಿಯುವವರಿಗೆ ಬಿಡುವಾದಾಗ ಕೂರಲು ಆಸನ; 250 ಜನ ಮೀರಿದರೆ ಕ್ಯಾಂಟೀನು. ಯಂತ್ರದ ಗಾರ್ಡ್ ಬಗ್ಗೆ ಅದು ಇನ್ನೂ ಖಚಿತ: ಗಾರ್ಡ್ ಗಟ್ಟಿಮುಟ್ಟಾಗಿರಬೇಕು, ಯಂತ್ರ ಓಡುತ್ತಿರುವಷ್ಟು ಹೊತ್ತೂ ಅದರ ಜಾಗದಲ್ಲೇ ಇರಬೇಕು. ಪವರ್ ಪ್ರೆಸ್ ಮುಂದೆ ನಿಂತವರಿಗೆ ಇದರ ಬೆಲೆ ಗೊತ್ತು. ಗಾರ್ಡ್ ಕಳಚಿದರೆ ಶಿಫ್ಟಿನಲ್ಲಿ ಪೀಸ್‌ಗಳ ಲೆಕ್ಕ ಏರುತ್ತದೆ, ತಗಡು ಸರಿಪಡಿಸಲು ಚಾಚಿದ ಬೆರಳು ಡೈ ಕೆಳಗೆ ಸಿಗುತ್ತದೆ. ಕೆಲಸಗಾರನ ಅಜಾಗರೂಕತೆ ಎಂದು ಷರಾ ಬರೆಯುವವರು, ಗಾರ್ಡ್ ಇಲ್ಲದೆ ಪ್ರೆಸ್ ಓಡಲು ಬಿಟ್ಟವರು ಯಾರೆಂದು ಮೊದಲು ಕೇಳಬೇಕು.

ದೊಡ್ಡ ತಿರುವು ಬಂದದ್ದು 1984ರ ಡಿಸೆಂಬರ್‌ನಲ್ಲಿ, ಭೋಪಾಲ ಅನಿಲ ದುರಂತದ ಸಾವಿರಾರು ಹೆಣಗಳ ಮೇಲೆ. ಅಲ್ಲಿನ ಕಾರ್ಖಾನೆಯಲ್ಲಿ ಅನಿಲದ ಟ್ಯಾಂಕನ್ನು ತಂಪಾಗಿಡುವ ಘಟಕವನ್ನೇ ನಿಲ್ಲಿಸಲಾಗಿತ್ತು. 1948ರ ಕಾಯ್ದೆಗೆ 1987ರಲ್ಲಿ ತಂದ ತಿದ್ದುಪಡಿ ಮಾಲೀಕರ ಮೇಲೆ ಸಾಮಾನ್ಯ ಕರ್ತವ್ಯವೊಂದನ್ನು ಹೊರಿಸಿತು: ಯಂತ್ರ, ಕೆಲಸದ ವಿಧಾನ, ತರಬೇತಿ, ಮೇಲ್ವಿಚಾರಣೆ ಎಲ್ಲವೂ ಸುರಕ್ಷಿತವಾಗಿರಬೇಕು. ಅಪಾಯಕಾರಿ ರಾಸಾಯನಿಕಗಳ ವಿವರವನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಬೇಕು. ಕಂಪನಿಯಾದರೆ ನಿರ್ದೇಶಕರೇ ಕಾರ್ಖಾನೆಯ ಹೊಣೆಗಾರರು ಎಂದೂ ಆಯಿತು. ಸುಪ್ರೀಂ ಕೋರ್ಟ್ 1996ರಲ್ಲಿ ಅದನ್ನು ಎತ್ತಿಹಿಡಿಯಿತು. ನನ್ನ ಪ್ರಕಾರ ಇಡೀ ಇತಿಹಾಸದಲ್ಲಿ ಇದೇ ಮುಖ್ಯ ಗೆಲುವು. ಮ್ಯಾನೇಜರನೊಬ್ಬನನ್ನು ಮುಂದೆ ನಿಲ್ಲಿಸಿ ಜಾರಿಕೊಳ್ಳುವ ದಾರಿ ಮುಚ್ಚಿತು.

ಹೊಣೆ ಕಾರ್ಖಾನೆಯ ಗೇಟಿನಾಚೆಗೂ ಚಾಚಿತು. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು, ಅದರ ಬೆನ್ನಿಗೆ 2013ರ ಕಾಯ್ದೆ, ಲೈಂಗಿಕ ಕಿರುಕುಳ ತಡೆಯುವುದನ್ನು ಮಾಲೀಕರ ಕರ್ತವ್ಯವಾಗಿಸಿದವು. 2005ರಲ್ಲಿ ಬೆಂಗಳೂರಿನ ಕಾಲ್‌ಸೆಂಟರ್ ಉದ್ಯೋಗಿಯೊಬ್ಬರು ರಾತ್ರಿ ಪಾಳಿಗೆ ಹೊರಟ ಕ್ಯಾಬ್‌ನ ಚಾಲಕನಿಂದಲೇ ಕೊಲೆಯಾದರು. ಕಂಪನಿಯ ಮುಖ್ಯಸ್ಥರ ಮೇಲೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಹೂಡಿದ ಮೊಕದ್ದಮೆಯನ್ನು ರದ್ದುಪಡಿಸಲು ಸುಪ್ರೀಂ ಕೋರ್ಟ್ 2008ರಲ್ಲಿ ಒಪ್ಪಲಿಲ್ಲ.

ಈಗ ಹದಿಮೂರು ಕಾನೂನುಗಳನ್ನು ಒಗ್ಗೂಡಿಸಿದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ನೇಮಕಾತಿ ಪತ್ರ ಕಡ್ಡಾಯ. ಮಾಲೀಕರು ಕರ್ತವ್ಯ ತಪ್ಪಿ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆ, ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಇದು ಒಳ್ಳೆಯದೇ. ಆದರೆ ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿದೆ. ಪೀಣ್ಯದ ಗಲ್ಲಿಗಳಲ್ಲಿ ಹತ್ತು ಹದಿನೈದು ಜನ ದುಡಿಯುವ ಶೆಡ್‌ಗಳೆಷ್ಟಿವೆ! ಹತ್ತು ಮಂದಿಯಿದ್ದರೆ ಸಾಮಾನ್ಯ ಕರ್ತವ್ಯಗಳೇನೋ ಉಳಿಯುತ್ತವೆ. ಕಾರ್ಖಾನೆಗೆಂದೇ ಇರುವ ನಿಯಮಗಳು ಅಲ್ಲಿಗೆ ತಲುಪುವುದಿಲ್ಲ. ಬೆರಳು ಹೋಗುವುದು ಹೆಚ್ಚಾಗಿ ಇಂಥ ಶೆಡ್‌ಗಳಲ್ಲೇ ಎಂಬುದನ್ನು ಬಲ್ಲ ಯಾರೂ ಈ ಬದಲಾವಣೆಯನ್ನು ಒಪ್ಪಲಾರರು.

ದುಡಿಯುವ ಓದುಗರು ಒಂದು ಮಾತು ನೆನಪಿಡಿ. ಜೀವಕ್ಕೆ ಅಪಾಯ ಕಾದಿದೆ ಎನಿಸಿದರೆ ಮಾಲೀಕರಿಗೂ ಸರ್ಕಾರಿ ಇನ್‌ಸ್ಪೆಕ್ಟರಿಗೂ ಒಟ್ಟಿಗೇ ತಿಳಿಸುವ ಹಕ್ಕನ್ನು ಹೊಸ ಸಂಹಿತೆಯೂ ಕೊಟ್ಟಿದೆ. ಬರಹದಲ್ಲೇ ತಿಳಿಸಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ.