ಜುಹುವಿನಿಂದ ಪವಾಯಿಗೆ ಒಂದು ನಕಲು

ಮುಲುಂಡಿನಿಂದ ಲೋಕಲ್ ಹಿಡಿದು ಹೋಗಿ, ಕಡತಗಳ ನಡುವೆ ಅರ್ಧ ಆಯುಷ್ಯ ಕಳೆದ ಗುಮಾಸ್ತರು ನಾವು. ಯುನಿಕ್ಸ್‌ನ 'ಸಿಪಿ', 'ಎಂವಿ', 'ಆರ್‌ಎಂ' ಆಜ್ಞೆಗಳು ನಮಗೆ ಹೊಸತೆನಿಸಲಿಲ್ಲ: ನಕಲು ಮಾಡು, ಬೇರೆ ಡೈರೆಕ್ಟರಿಗೆ (ನಮ್ಮ ಮಾತಿನಲ್ಲಿ ಕಪಾಟಿಗೆ) ಸಾಗಿಸು, ಅಳಿಸು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್‌ನ 1971ರ ಮೊದಲ ಕೈಪಿಡಿಯಲ್ಲೇ ಇವು ಇವೆ. ಆಗಿನ ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಮಾತ್ರ ಒತ್ತುತ್ತಿತ್ತು; ಮಿತಭಾಷೆ ಅನಿವಾರ್ಯ.

ಈ ಚರಿತ್ರೆಯ ಒಂದು ತುಣುಕು ನಮ್ಮ ನೆರೆಯಲ್ಲೇ ಇದೆ. 1986-87ರಲ್ಲಿ ಜುಹುವಿನ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರಕ್ಕೂ ಮುಲುಂಡಿಗೆ ಸಮೀಪದ ಪವಾಯಿ ಐ.ಐ.ಟಿ.ಗೂ ನಡುವೆ ಟೆಲಿಫೋನ್ ತಂತಿಯಲ್ಲಿ ಗಣಕದ ಅಂಚೆ ಓಡಾಡಿತು. ಸಾಗಿಸಿದ್ದು 'ಯುಯುಸಿಪಿ', ಎಂದರೆ ಒಂದು ಯುನಿಕ್ಸ್‌ನಿಂದ ಇನ್ನೊಂದಕ್ಕೆ ನಕಲು.

'ಆರ್‌ಎಂ' ಮಾತ್ರ ಬಲು ನಿಷ್ಠುರ. ನಮ್ಮಲ್ಲಿ ಕಡತ ನಾಶಕ್ಕೂ ಮೇಲಧಿಕಾರಿಯ ಸಹಿ ಬೇಕು. ಅದು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಒಮ್ಮೆ ಜ್ಯೇಷ್ಠತಾ ಪಟ್ಟಿಯೊಂದನ್ನು ಹಾಗೆ ಕಳೆದುಕೊಂಡು, ಕಪಾಟಿನಲ್ಲಿದ್ದ ಕಾಗದದ ಪ್ರತಿ ನೋಡಿ ದಿನವಿಡೀ ಮತ್ತೆ ಟೈಪು ಮಾಡಿದೆವು.