ದೊಡ್ಡ ಕೆರಿ ದಂಡಿ ಮ್ಯಾಲಿನ ಸೈಕಲ್ ಹಾದಿ

ಮಗಳ ಬಾಣಂತನಕ್ಕಂತ ನಾ ಶಿಕಾಗೋಕ್ಕ ಹೋಗಿ ಬಂದದ್ದು ನಿಮಗೆಲ್ಲಾ ಗೊತ್ತದ. ಬಂದ ಮ್ಯಾಲೆ ವೈನಿ, ಮಾವಶಿ, ಎದುರುಮನಿ ಅಕ್ಕಾರು ಎಲ್ಲಾರೂ ಕೂಸಿನ ಫೋಟೋ ನೋಡಿದ್ರಿ. ನಡುವ ನಾ ಸೈಕಲ್ ಮ್ಯಾಲೆ ಕೂತ ಒಂದು ಫೋಟೋ ಕಂಡು, "ಇದೇನವಾ, ಈ ವಯಸ್ಸಿನಾಗ?" ಅಂತ ನಕ್ರಿ. ಆವಾಗ ನಾನೂ ನಕ್ಕು ಸುಮ್ಮನಾದೆ. ಆದ್ರ ಆ ಫೋಟೋದ ಕಥಿ ಸಣ್ಣದಲ್ಲ. ಅದಕ್ಕ ಈ ಸಲ ಉಪ್ಪಿನಕಾಯಿ, ಹಪ್ಪಳದ ವಿಷಯ ಬದಿಗಿಟ್ಟು ಆ ಹಾದಿ ವಿಷಯ ಬರೀತೀನಿ.

ಶಿಕಾಗೋ ಊರು ಮಿಶಿಗನ್ ಸರೋವರದ ದಂಡಿ ಮ್ಯಾಲೆ ಅದ. ಸರೋವರ ಅಂದ್ರ ನಮ್ಮ ಕೆಲಗೇರಿ ಕೆರಿ, ಉಣಕಲ್ ಕೆರಿ ಹಂಗ ಅಂತ ತಿಳೀಬ್ಯಾಡ್ರಿ. ಆಚಿ ದಂಡಿ ಕಣ್ಣಿಗೆ ಕಾಣಂಗೇ ಇಲ್ಲ. ಸಮುದ್ರದ ಹಂಗ ತೆರಿ ಬರ್ತಾವ, ನೀರು ಮಾತ್ರ ಸಿಹಿ. ಆ ದಂಡಿಗುಂಟ ಉತ್ತರದ ಆರ್ಡ್‌ಮೋರ್ ಓಣಿಯಿಂದ ದಕ್ಷಿಣದ 71ನೇ ಓಣಿ ತನಕಾ ಸುಮಾರು 30 ಕಿಲೋಮೀಟರ್ ಒಂದು ಹಾದಿ ಅದ. ಕಾರು, ಬಸ್ಸು ಒಂದೂ ಬರಂಗಿಲ್ಲ. ಏರು ಇಲ್ಲ, ಇಳಿಜಾರು ಇಲ್ಲ, ರೊಟ್ಟಿ ತಟ್ಟಿಧಂಗ ಸಪಾಟ. 2018ರಾಗ ನಡಿಯೋರಿಗೆ ಬ್ಯಾರೆ, ಸೈಕಲ್‌ನವರಿಗೆ ಬ್ಯಾರೆ ಹಾದಿ ಮಾಡಿ ಮುಗಿಸ್ಯಾರ. ಬಾಡಗಿ ಸೈಕಲ್ಲೂ ಸಿಗ್ತಾವ. ಬಲಗಡೆ ಇರಬೇಕು, ದಾಟೋವಾಗ ಘಂಟಿ ಬಾರಿಸಬೇಕು, ಗಾಳಿಗೆ ಎದುರಾಗಿ ಮೊದಲು ಹೋಗಿ ಬರೋವಾಗ ಗಾಳಿ ಬೆನ್ನಿಗೆ ಬರೂಹಂಗ ನೋಡ್ಕೋಬೇಕು. ಇಷ್ಟು ಗೊತ್ತಿದ್ರ ಸಾಕು. ಅಜ್ಜ-ಅಜ್ಜಿ, ಸಣ್ಣ ಹುಡುಗ್ರು ಎಲ್ಲಾರೂ ಆರಾಮ ಹೊಡೀತಾರ.

"ಎಷ್ಟ ಛಂದ ಜಾಗಾ, ದೇವರು ಕೊಟ್ಟಾನ ನೋಡು" ಅಂದೆ ಮಗಳಿಗೆ. "ದೇವರು ಕೆರಿ ಕೊಟ್ಟಾನಮ್ಮಾ, ಹಾದಿ ಜಗಳಾಡಿ ತೊಗೊಂಡದ್ದು" ಅಂದ್ಲು ಆಕಿ. ಕೂಸು ಮಲಗಿದಾಗ ಆ ಜಗಳದ ಇತಿಹಾಸ ಓದಕೋತ ಕೂತೆ.

1836ರಾಗ ಊರಿನ ನಕ್ಷಾ ಬರದವರು ಕೆರಿ ದಂಡಿಯ ಒಂದು ಪಟ್ಟಿ ಜಾಗಾದ ಮ್ಯಾಲೆ, ಇದು ಸಾರ್ವಜನಿಕರದು, ಇಲ್ಲೆ ಎಂದೂ ಕಟ್ಟಡ ಏಳಬಾರದು ಅನ್ನೋ ಅರ್ಥದಾಗ ಬರದಿಟ್ರು. ಬರದಿದ್ದೇನೋ ಖರೆ, ಪಾಲಿಸೋರು ಯಾರು? ರೈಲು ಬಂತು. 1871ರ ದೊಡ್ಡ ಬೆಂಕಿಯೊಳಗ ಊರು ಸುಟ್ಟಾಗ ಮನಿಗಳ ಇಟ್ಟಂಗಿ, ಬೂದಿ, ಕಲ್ಲು ತಂದು ಆ ದಂಡಿಗೇ ಸುರುವಿದ್ರು. ಇವತ್ತ ಗ್ರ್ಯಾಂಟ್ ಪಾರ್ಕಿನ ಹುಲ್ಲಿನ ಕೆಳಗ ಆ ಸುಟ್ಟ ಊರಿನ ತುಣುಕು ಅದಾವ.

ಆ ಕಸದ ಗುಂಪಿ ಎದುರಿಗೇ ಮಾಂಟ್ಗೊಮರಿ ವಾರ್ಡ್ ಅನ್ನೋ ವ್ಯಾಪಾರಿ ಅಂಗಡಿ ಇತ್ತು. ಪುಸ್ತಕದಾಗ ಸಾಮಾನಿನ ಪಟ್ಟಿ ಅಚ್ಚು ಹಾಕಿಸಿ, ಟಪಾಲಿನೊಳಗ ಹಳ್ಳಿಹಳ್ಳಿಗೆ ಸಾಮಾನು ಮಾರಾಂವ. ಈಗ ನಾವು ಫೋನ್‌ನಾಗ ತರಸ್ತೀವಲ್ಲಾ, ಅದರ ಮುತ್ತಜ್ಜ ಅನ್ನರಿ. ಅಂವ 1890ರಾಗ ಕೋರ್ಟಿಗೆ ಹೋದ: ನಕ್ಷಾದಾಗ ಬರದ ಮಾತು ನಡಸ್ರಿ, ಕಟ್ಟಡ ತಗೀರಿ ಅಂತ. ಸುಮಾರು 20 ವರ್ಷ ಬಡದಾಡಿದ. ಊರಿನ ದೊಡ್ಡ ಮಂದಿ ಸಿಟ್ಟಾದ್ರು, ಪತ್ರಿಕಾದವರು ಬೈದ್ರು. ಆದ್ರೂ ಗೆದ್ದ. ಆ ಪಟ್ಟಿಯೊಳಗ ಬಿಟ್ಟುಕೊಟ್ಟ ದೊಡ್ಡ ಕಟ್ಟಡ ಅಂದ್ರ ಆರ್ಟ್ ಇನ್‌ಸ್ಟಿಟ್ಯೂಟ್. 1893ರಾಗ ನಮ್ಮ ವಿವೇಕಾನಂದರು ಭಾಷಣಾ ಮಾಡಿದ್ದು ಆ ಕಟ್ಟಡದಾಗೇ. ಉಣಕಲ್ ಕೆರಿ ನಡುವ ನಿಂತ ವಿವೇಕಾನಂದರನ್ನ ನೋಡಿದಾಕಿಗೆ ಅಲ್ಲಿ ಹೋಗಿ ನಿಂತಾಗ ತವರುಮನಿಯವರು ಸಿಕ್ಕಂಗಾತು.

ಆದ್ರ ನನ್ನ ಮನಸ್ಸಿನಾಗ ಉಳದಾಕಿ ಬ್ಯಾರೆ. ಫ್ರಾನ್ಸಿಸ್ ವಿಲ್ಲಾರ್ಡ್ ಅಂತ. ಶಿಕಾಗೋಕ್ಕ ಹತ್ತಿಧಂಗ, ಇದೇ ಕೆರಿ ದಂಡಿಗೇ ಇರೋ ಇವಾನ್‌ಸ್ಟನ್ ಊರಾಕಿ. ಮನಿಯೊಳಗಿನ ಗಂಡಸರ ದಾರೂ ಬಿಡಸಲಿಕ್ಕೆ ಹೆಂಗಸರು ಕಟ್ಟಿದ ಸಂಘಕ್ಕ 1879ರಿಂದ ಸಾಯೋತನಕಾ ಅಧ್ಯಕ್ಷಿ ಇದ್ಲು. ಹೆಂಗಸರಿಗೆ ವೋಟು ಬೇಕು ಅಂತ ಊರೂರು ತಿರಗಿದ್ಲು. ಸಣ್ಣಾಕಿ ಇದ್ದಾಗ ಹೊಲದಾಗ ಅಣ್ಣನ ಜೋಡಿ ಓಡ್ಯಾಡಿಕೊಂಡು ಬೆಳದಾಕಿ. ಹದಿನಾರು ತುಂಬಿದ ದಿನ ಉದ್ದ ಲಂಗಾ ಹಾಕಿ, ಕೂದಲಾ ಮ್ಯಾಲೆ ಕಟ್ಟಿದ್ರಂತ. ಅವತ್ತಿಂದ ನಡಿಯೋದೂ ಬ್ಯಾಸರಾತು ಅಂತ ಆಕಿನ ಮುಂದ ಬರದಾಳ.

1892ರಾಗ ಆಕಿ ತಾಯಿ ತೀರಿಕೊಂಡ್ಲು. ಆಕಿ ಸೊರಗಿದ್ಲು, ದಣದಿದ್ಲು. ಇಂಗ್ಲೆಂಡಿನಾಗ ಗೆಳತಿ ಮನಿಗೆ ಹೋದಾಗ ಆ ಗೆಳತಿ ಒಂದು ಸೈಕಲ್ ಕೊಟ್ಲು. ಅಷ್ಟರಾಗ ಸೈಕಲ್ಲೂ ಬದಲಾಗಿತ್ತು ನೋಡ್ರಿ. ಮೊದಲಿನ ಸೈಕಲ್‌ಗೆ ಮುಂದ ಆಳೆತ್ತರದ ಗಾಲಿ, ಹಿಂದ ಪುಟ್ಟ ಗಾಲಿ. ಲಂಗಾ ಉಟ್ಟಾಕಿ ಏರೋದು ದೂರದ ಮಾತು. 1885ರ ಸುತ್ತಮುತ್ತ ಎರಡೂ ಗಾಲಿ ಸಮ ಇರೋ ಚೈನಿನ ಸೈಕಲ್ ಬಂತು, 1888ರಾಗ ಡನ್‌ಲಪ್ ಗಾಳಿ ತುಂಬಿದ ಟಾಯರ್ ಮಾಡಿದ. ಹೆಂಗಸರಿಗೆ ಅಂತ ನಡುವಿನ ಡಂಡಿ ಕೆಳಗಿಳಿಸಿದ್ದೂ ಬಂತು. ವಿಲ್ಲಾರ್ಡ್ ತನ್ನ 53ನೇ ವಯಸ್ಸಿನಾಗ, ಮೂವರು ಸೈಕಲ್ ಹಿಡಕೊಂಡಾಗ ಅಂಜಕೋತ ಏರಿದ್ಲು. ದಿನಾ ಹದಿನೈದು ನಿಮಿಷದ ಹಂಗ ಮೂರು ತಿಂಗಳು ಹಿಡೀತಂತ ಪೂರಾ ಕಲೀಲಿಕ್ಕೆ. ಲಂಗಾದ ಅಂಚು ನೆಲದಿಂದ ಮೂರು ಇಂಚು ಮ್ಯಾಲೆ ಹೊಲಿಸಿದ್ಲು. ಅಷ್ಟಕ್ಕೂ ಆವಾಗ ಧೈರ್ಯ ಬೇಕಿತ್ತು. ಸೈಕಲ್‌ಗೆ 'ಗ್ಲಾಡಿಸ್' ಅಂತ ಹೆಸರಿಟ್ಟು 1895ರಾಗ ಅದರ ಮ್ಯಾಲೆ ಒಂದು ಪುಸ್ತಕಾನೂ ಬರದ್ಲು. ಇವಾನ್‌ಸ್ಟನ್‌ನಾಗ ಆಕಿ ಮನಿ ಈಗ ಮ್ಯೂಸಿಯಂ ಆಗೇದ.

ಇದನ್ನ ಓದಿದಾಗ ನನಗ ಧಾರವಾಡದ ಬಾಡಗಿ ಸೈಕಲ್ ನೆನಪಾತು. ಅಣ್ಣನ ಜೋಡಿ ಕೆಲಗೇರಿ ಕೆರಿ ಕಡೆ ಹೋಗಿ, ಡಂಡಿ ಕೆಳಗ ಕಾಲು ಹಾಕಿ ಹೊಡೀತಿದ್ದೆ. ದೊಡ್ಡಾಕಿ ಆದ ಮ್ಯಾಲೆ ಆಯಿ "ಸಾಕಿನ್ನ" ಅಂದ್ಲು, ಅಲ್ಲಿಗೆ ಮುಗೀತು. ಹದಿನಾರಕ್ಕ ನಿಂತ ಕಾಲು ಇಬ್ಬರದೂ. ಆಕಿದು ಅಮೇರಿಕಾದಾಗ, ನಂದು ಇಲ್ಲೆ.

ಇಷ್ಟಕ್ಕ ನಿಲ್ಲಿಸಿದ್ರ ಕಥಿ ಛಂದ ಇರ್ತಿತ್ತು. ಆದ್ರ ಅರ್ಧಾ ಹೇಳಬಾರದು. ಇದೇ ವಿಲ್ಲಾರ್ಡ್ 1890ರಾಗ ಒಂದು ಪತ್ರಿಕಾದ ಸಂದರ್ಶನದಾಗ ದಕ್ಷಿಣದ ಕಪ್ಪುಜನರ ಬಗ್ಗೆ ಹಗರ ಮಾತಾಡಿದ್ಲು. ಆವಾಗ ಅಲ್ಲಿ ಕಪ್ಪು ಗಂಡಸರ ಮ್ಯಾಲೆ ಸುಳ್ಳು ಆರೋಪ ಹೊರಿಸಿ ಮಂದಿ ಗುಂಪುಗೂಡಿ ಕೊಲ್ಲೋ ಕಾಲ. ಐಡಾ ಬಿ. ವೆಲ್ಸ್ ಅನ್ನೋ ಕಪ್ಪು ಪತ್ರಕರ್ತೆ 1894ರಾಗ ಆ ಮಾತನ್ನ ಲಂಡನ್ನಿನಾಗ ಮತ್ತ ಅಚ್ಚು ಹಾಕಿಸಿ, ಹೆಂಗಸರ ಕಷ್ಟಕ್ಕ ಅಳೋ ನಿಮಗ ಇದು ಯಾಕ ಕಾಣಂಗಿಲ್ಲ ಅಂತ ಎದುರಿಗೇ ನಿಂತು ಕೇಳಿದ್ಲು.

ಕೆರಿ ದಂಡಿನೂ ಎಲ್ಲಾರದಾಗಿರಲಿಲ್ಲ. 1919ರ ಜುಲೈ 27, ಸುಡುಬಿಸಿಲು. ಯೂಜಿನ್ ವಿಲಿಯಮ್ಸ್ ಅನ್ನೋ ಹದಿನೇಳು ವರ್ಷದ ಕಪ್ಪು ಹುಡುಗ ಗೆಳ್ಯಾರ ಜೋಡಿ ತೆಪ್ಪದ ಮ್ಯಾಲೆ ಆಡ್ಲಿಕ್ಕೆ ಹತ್ತಿದ್ದ. ತೆಪ್ಪ ತೇಲಿ 29ನೇ ಓಣಿ ಎದುರಿನ, ಬಿಳಿಯರು ತಮ್ಮದಂತ ಹಿಡಕೊಂಡ ನೀರಿಗೆ ಹೋತು. ನೀರಿನಾಗ ಗೆರಿ ಯಾರು ಎಳೀತಾರ ಹೇಳ್ರಿ? ಆದ್ರ ದಂಡಿಯಿಂದ ಒಬ್ಬಾಂವ ಕಲ್ಲು ಒಗದ, ಹುಡುಗ ಮುಳುಗಿ ಸತ್ತ. ಪೋಲೀಸ್ರು ಕಲ್ಲು ಒಗದಾಂವನ್ನ ಹಿಡೀಲಿಲ್ಲ. ಮುಂದ ಹೊತ್ತಿದ ಗಲಭೆಯೊಳಗ 38 ಜನ ಸತ್ರು, ಅದರಾಗ 23 ಮಂದಿ ಕಪ್ಪುಜನ. ಆ ಹುಡುಗನ ನೆನಪಿಗೆ ಒಂದು ಕಲ್ಲು ಅದೇ ದಂಡಿಗೆ ಇಟ್ಟಾರ. ಒಂದು ರವಿವಾರ ಅಲ್ಲಿ ತನಕಾ ಹೋಗಿ ಇಳದು ನಿಂತಿದ್ದೆ. ಬಾಜೂಕ ಎಲ್ಲಾ ಬಣ್ಣದ ಹುಡುಗ್ರು ಘಂಟಿ ಬಾರಿಸಕೋತ ಹೊಂಟಿದ್ರು.

ಅಲ್ಲೆ ನಿಂತಾಗ ನನಗ ತಿಳದದ್ದು ಒಂದೇ. ತನ್ನ ಹಾದಿಗೆ ಬಡದಾಡಿದಾಕಿಗೆ ಇನ್ನೊಬ್ಬರ ಹಾದಿ ಕಾಣಲಿಕ್ಕಿಲ್ಲ. ವಿಲ್ಲಾರ್ಡ್‌ಗೆ ಹೆಸರಿಡೋಕ್ಕಿಂತ ಮೊದಲು ನಾ ನನ್ನ ಮಾತು ಹೇಳಬೇಕು. ನನ್ನ ಮಗಳು ಒಂಬತ್ತನೇತ್ತಾದಾಗ ಇದ್ದಾಗ ಟ್ಯೂಶನ್ನಿಗೆ ಸೈಕಲ್ ಮ್ಯಾಲೆ ಹೋಗ್ತಿದ್ಲು. "ಸಂಜಿ ಮುಂದ ಹುಡುಗಿ ಒಬ್ಬಾಕಿನ ಕಳಸ್ತೀರೇನು?" ಅಂತ ಯಾರೋ ಅಂದ್ರು. ಸೈಕಲ್ ಮಾರಿಸಿಬಿಟ್ಟೆ. ಆಯಿ ನನಗ ಅಂದ "ಸಾಕಿನ್ನ" ಅನ್ನೋ ಮಾತನ್ನ ನಾನೂ ಅಂದೆ. ಬೈಸಿಕೊಂಡ ನೆನಪಿದ್ದಾಕಿನೇ ಬೈದೆ.

ಮನಿಗೆ ಬರೋವಾಗ ಮಗಳಿಗೆ ಕೇಳಿದೆ, ನೆನಪದ ಏನು ಅಂತ. "ಹಸಿರು ಸೈಕಲ್, ಮುಂದ ಬುಟ್ಟಿ ಇತ್ತು" ಅಂದ್ಲು. ಮತ್ತೇನೂ ಅನ್ನಲಿಲ್ಲ.

ಮರುದಿನ ಅಳಿಯ ಕೂಸಿನ ಹಂತ್ಯಾಕ ಕೂತ. ನಾವಿಬ್ಬರೂ ಆರ್ಡ್‌ಮೋರ್ ಕಡಿಂದ ಬಾಡಗಿ ಸೈಕಲ್ ತೊಗೊಂಡಿವಿ. ಚೂಡಿದಾರದ ಓಢಣಿ ಸೊಂಟಕ್ಕ ಕಟ್ಟಿಸಿ, ಸೀಟು ಕೆಳಗ ಮಾಡಿಸಿ, "ಮುಂದ ನೋಡಮ್ಮಾ, ಗಾಲಿ ನೋಡಬ್ಯಾಡ" ಅಂತ ಹೇಳಕೋತ ಹಿಂದಿಂದ ಹಿಡಕೊಂಡು ಓಡಿದಾಕಿ ಆಕಿನ. ನಾಕು ಸಲ ಕಾಲು ಊರಿದೆ. ಐದನೇ ಸಲ ಹೋತು ನೋಡ್ರಿ! ನೀವು ನಕ್ಕ ಆ ಫೋಟೋ ಆವಾಗಿಂದು.

ನಮ್ಮ ಓಣಿಯೊಳಗ ಎಂಟನೇತ್ತಾ, ಒಂಬತ್ತನೇತ್ತಾದ ಹುಡುಗ್ಯಾರು ಎಷ್ಟು ಮಂದಿ ಇದ್ದಾರ, ನಿಮಗ ಗೊತ್ತದ. ರವಿವಾರ ಮುಂಜಾನೆ ಆರಕ್ಕ ಕೆಲಗೇರಿ ಕೆರಿ ಕಡೆ ಕರಕೊಂಡು ಹೋಗಬೇಕಂತೀನಿ. ಸೈಕಲ್ ಅವರದು, ಹಿಡಕೊಂಡು ಓಡಾಕಿ ನಾ. ನಿಮ್ಮ ಕಾಲಿಗೂ ಮನಸ್ಸಾದ್ರ ಬರ್ರಿ. ಚಹಾದ ಥರ್ಮಾಸ್ ನಾ ತರ್ತೀನಿ.